ಗೆರೆ ಮಲಗುವ ತನಕ

ಹಾಲು ಉಕ್ಕುವ ಮೊದಲೇ ಒಲೆ ಆರಿಸಿದ್ದು ಚಿಕ್ಕವಳ ಕೈ. ದೊಡ್ಡವಳು ಪಾತ್ರೆಯ ಎದುರಿಗೇ ನಿಂತಿದ್ದಳು, ನೋಡುತ್ತಲೂ ಇದ್ದಳು, ಆದರೂ ಅಂಚಿಗೆ ಬಂದ ನೊರೆ ಅವಳಿಗೆ ಕಂಡಿರಲಿಲ್ಲ. ಪಕ್ಕದಿಂದ ಒಂದು ಕೈ ಬಂದು ಗುಂಡಿ ತಿರುಗಿಸಿ ಹಿಂದಕ್ಕೆ ಹೋಯಿತು. ಬೇರೆ ದಿನವಾಗಿದ್ದರೆ "ಅಕ್ಕಾ, ಹಾಲು ನಿಮ್ಮನ್ನ ಕೇಳ್ಕೊಂಡು ಉಕ್ಕಲ್ಲ" ಎಂದು ನಗುತ್ತಿದ್ದಳು. ಒಳಕೋಣೆಯಿಂದ ಅತ್ತೆ "ದೊಡ್ಡವಳು ನಿಂತ್ರೆ ಬೇರು ಬಿಡ್ತಾಳೆ" ಎಂದು ಒಗ್ಗರಣೆ ಹಾಕುತ್ತಿದ್ದರು. ಇವತ್ತು ಅತ್ತೆಯೂ ಬಾಯಿ ಬಿಡಲಿಲ್ಲ. ಒಂದೇ ಮನೆಗೆ ಸೊಸೆಯರಾಗಿ ಬಂದು, ಒಂದೇ ಕಾರ್ಖಾನೆಯಲ್ಲಿ ಕೆಲಸಕ್ಕಿರುವ ಇಬ್ಬರು ವಾರಗಿತ್ತಿಯರು ಭುಜಕ್ಕೆ ಭುಜ ತಾಗದ ಹಾಗೆ ನಿಂತು ತಮ್ಮ ತಮ್ಮ ಬುತ್ತಿ ಕಟ್ಟಿಕೊಂಡರು. ಚಿಕ್ಕವಳ ಕೊರಳಲ್ಲಿ ಕಾರ್ಖಾನೆಯ ಗುರುತಿನ ಚೀಟಿ ಇರಲಿಲ್ಲ. ನಿನ್ನೆ ಸಂಜೆ ಗೇಟಿನಲ್ಲಿ, ಬಸ್ಸಿಗೆ ಕಾದು ನಿಂತ ಅಷ್ಟು ಜನರ ಎದುರಿಗೆ, ಅದನ್ನು ಬಿಚ್ಚಿಸಿಕೊಂಡಿದ್ದರು. ಇವತ್ತು ಬಂದು ಭದ್ರತಾ ಕಚೇರಿಯಲ್ಲಿ ಕೂರಬೇಕೆಂದು ಹೇಳಿದ್ದರು. ಇಷ್ಟಕ್ಕೆಲ್ಲ ಕಾರಣ ದೊಡ್ಡವಳು ಅಳೆದು ಕೊಟ್ಟ ಒಂದು ಅಂಕಿ.

ಕಾರ್ಖಾನೆಯ ಬಸ್ಸಿನಲ್ಲಿ ಚಿಕ್ಕವಳು ಮುಂದೆ ಕೂತಳು, ದೊಡ್ಡವಳು ಹಿಂದೆ. ನಡುವಿನ ಸೀಟುಗಳಲ್ಲಿ ಕೂತವರೆಲ್ಲ ಒಮ್ಮೆ ಮುಂದಕ್ಕೆ, ಒಮ್ಮೆ ಹಿಂದಕ್ಕೆ ನೋಡಿ ಕಿಟಕಿಯ ಕಡೆ ತಿರುಗಿಕೊಂಡರು. ಕಾರ್ಖಾನೆಯ ನೆಲಮಾಳಿಗೆಯ ಉಗ್ರಾಣದಲ್ಲಿ ಪ್ಲುಟೋನಿಯಂ ತುಂಬಿದ ಡಬ್ಬಗಳಿವೆ. ಅವುಗಳ ಬೀಗ, ಮೇಲೆ ಸುತ್ತಿದ ಪ್ಲಾಸ್ಟಿಕ್ ಹೊದಿಕೆ, ಎಣಿಕೆ ಎಲ್ಲ ಚಿಕ್ಕವಳ ಜವಾಬ್ದಾರಿ. ಡಬ್ಬದ ಮೇಲೆ ಹೇಳಿದಷ್ಟು ಲೋಹ ಡಬ್ಬದ ಒಳಗಿದೆಯೇ ಎಂದು ಬಿಚ್ಚದೆ ಹೇಳುವುದು ದೊಡ್ಡವಳ ಕೆಲಸ. ಬಿಚ್ಚುವ ಹಾಗಿಲ್ಲ, ಬಿಚ್ಚಿದರೆ ಕಣ್ಣಿಗೆ ಕಾಣದ ಪುಡಿ, ಉಸಿರಿಗೆ ಸಿಕ್ಕರೆ ಆಯುಷ್ಯಕ್ಕೇ ಕುತ್ತು, ಸಾಲದ್ದಕ್ಕೆ ವಾರಗಟ್ಟಲೆ ಕೆಲಸ. ಆದರೆ ಆ ಲೋಹದ ಗುಣವೇ ಒಂದು ಥರ. ಕತ್ತಲಲ್ಲಿ, ಉಕ್ಕಿನ ಒಳಗೆ, ಯಾರೂ ಮುಟ್ಟದಿದ್ದರೂ ತನ್ನಷ್ಟಕ್ಕೆ ಬಿಸಿಯಾಗಿಯೇ ಇರುತ್ತದೆ. ಆ ಕಾವು ಎಷ್ಟೆಂದು ಅಳೆದರೆ ಲೋಹ ಎಷ್ಟೆಂದು ತಿಳಿಯುತ್ತದೆ. ಡಬ್ಬವನ್ನು ನೀರಿನ ತೊಟ್ಟಿಯ ನಡುವಿರುವ ಉಕ್ಕಿನ ಬಾವಿಗೆ ಇಳಿಸಿ, ಮೇಲೆ ದಪ್ಪ ಮುಚ್ಚಳ ಜಡಿದು, ಕೂರಬೇಕು. ಪರದೆಯ ಮೇಲೆ ಒಂದು ಗೆರೆ ಮೊದಲು ದಡದಡನೆ ಏರುತ್ತದೆ, ಆಮೇಲೆ ಏದುಸಿರು ಬಿಡುತ್ತಾ ಏರುತ್ತದೆ, ಕೊನೆಗೆ ಚಪ್ಪಟೆಯಾಗುತ್ತದೆ. ಅದನ್ನು ಅಲ್ಲಿ 'ಗೆರೆ ಮಲಗಿತು' ಎನ್ನುತ್ತಾರೆ. ಗೆರೆ ಮಲಗುವ ತನಕ ಕಾವು ಕೂತ ಕೋಳಿಯ ಹಾಗೆ ಕೂರುವವಳೆಂದು ದೊಡ್ಡವಳಿಗೆ ಬೆನ್ನ ಹಿಂದೆ 'ಕೋಳಿ' ಎಂಬ ಹೆಸರಿದೆ. ಆ ಹೆಸರು ಹುಟ್ಟಿದ್ದು ಇದೇ ಬಸ್ಸಿನಲ್ಲಿ, ಚಿಕ್ಕವಳ ಬಾಯಲ್ಲಿ. ಅವಳು ಮನೆಯ ತಮಾಷೆ ಹೇಳುತ್ತಿದ್ದಳು, ಜನ ಬಿದ್ದು ಬಿದ್ದು ನಕ್ಕಿದ್ದರು, ದೊಡ್ಡವಳೂ ನಕ್ಕಿದ್ದಳು. ನಗದೆ ಏನು ಮಾಡುವುದು?

ನಿನ್ನೆ ಗೆರೆ ಮಲಗಿರಲಿಲ್ಲ. ಅದು ಅವಳಿಗೆ ನಿನ್ನೆಯೇ ಗೊತ್ತಿತ್ತು. ಬಸ್ಸಿನ ಕಂಬಿ ಹಿಡಿದು ಕೂತು ಇದನ್ನು ತನಗೆ ತಾನೇ ಹೇಳಿಕೊಂಡಳು. ಹೋದ ವರ್ಷ ಮುಖ್ಯಸ್ಥರು ಒಂದು ಹೊಸ ಪ್ರೋಗ್ರಾಂ ಹಾಕಿಸಿದ್ದರು. ಗೆರೆಯ ಮೊದಲ ಏರು ನೋಡಿಯೇ ಅದು ಎಲ್ಲಿ ಮಲಗುತ್ತದೆಂದು ಊಹಿಸಿ ಹೇಳುತ್ತದೆ, ದಿನವಿಡೀ ಕಾಯಬೇಕಾಗಿಲ್ಲ. "ಬೆಳೆಯುವ ಸಿರಿ ಮೊಳಕೆಯಲ್ಲೇ ಕಾಣುತ್ತೆ" ಎಂದು ಅವರು ಗಾದೆ ಹೇಳಿ ಬೀಗಿದ್ದರು. ಆದರೂ ಸಂಶಯ ಬಂದಾಗಲೆಲ್ಲ ದೊಡ್ಡವಳು ಗೆರೆ ಮಲಗುವ ತನಕ ಕೂರುತ್ತಿದ್ದಳು. ನಿನ್ನೆ ಆ ಡಬ್ಬವನ್ನು ಇಳಿಸಿದಾಗ ಪ್ರೋಗ್ರಾಂ ಊಟದ ಹೊತ್ತಿಗೆಲ್ಲ 'ಮುಗಿಯಿತು' ಎಂದು ಹಸಿರು ತೋರಿಸಿತು. ಇರಬೇಕಾದ್ದಕ್ಕಿಂತ ನೂರಕ್ಕೆ ನಾಲ್ಕು ಪಾಲು ಕಡಿಮೆ. ಅಷ್ಟು ಕಡಿಮೆಯೆಂದರೆ ಯಾರೋ ತೆಗೆದಿದ್ದಾರೆ ಎಂದರ್ಥ. ಆ ಲೋಹದಲ್ಲಿ ಒಂದು ಮುಷ್ಟಿ ಕಾಣೆಯಾದರೆ ಊರಿಗೂರೇ ನಿದ್ದೆಗೆಡಬೇಕು. ಕಳೆದ ತಿಂಗಳು ಹಳೆಯ ಹೊದಿಕೆ ಗಡಸಾಯಿತೆಂದು ಆ ಡಬ್ಬವನ್ನು ಹೊಸದಾಗಿ ಸುತ್ತಿಟ್ಟವಳು ಚಿಕ್ಕವಳು, ಅದನ್ನು ಕೊನೆಗೆ ಮುಟ್ಟಿದವಳೂ ಅವಳೇ. ಅಂಕಿ ನೋಡಿದ ಕ್ಷಣ ದೊಡ್ಡವಳ ಎದೆಯಲ್ಲಿ ಹಾದುಹೋದದ್ದು ಭಯವಲ್ಲ. ಭಯ ಆಮೇಲೆ ಬಂತು. ಮೊದಲು ಬಂದದ್ದು ಖುಷಿ. ಸಣ್ಣದು, ಬೆಚ್ಚಗಿನದು, ಬಾಯಿಗೆ ಸಕ್ಕರೆ ಬಿದ್ದ ಹಾಗೆ. ಅತ್ತೆಯ ಮುಖ ಕಣ್ಣ ಮುಂದೆ ಬಂತು: ಚಿಕ್ಕವಳ ಕೈ ಚುರುಕು, ಚಿಕ್ಕವಳ ಮಾತು ಚೆಂದ, ಚಿಕ್ಕವಳು ಬಂದ ಮೇಲೆ ಮನೆಗೆ ಕಳೆ ಬಂತು. ಅದೇ ಕ್ಷಣದಲ್ಲಿ ಅವಳ ಕಣ್ಣು ಗೆರೆಯ ಬಾಲದ ಮೇಲೂ ಬಿದ್ದಿತ್ತು. ಬಾಲ ಕೂದಲೆಳೆಯಷ್ಟು ಮೇಲಕ್ಕೆ ಎದ್ದಿತ್ತು, ಇನ್ನೂ ಏರುತ್ತಿತ್ತು. ಇಪ್ಪತ್ತು ವರ್ಷ ಗೆರೆ ನೋಡಿದ ಕಣ್ಣಿಗೆ ಅದು ತಪ್ಪುವುದೇ? ತಪ್ಪಲಿಲ್ಲ. ಕಣ್ಣು ಕಂಡಿತು, ಕೈ ಅಳತೆ ನಿಲ್ಲಿಸುವ ಗುಂಡಿ ಒತ್ತಿತು, ಅಂಕಿ ಮೇಲಿನವರಿಗೆ ಹೋಯಿತು.

ಬಸ್ಸು ಇಳಿದವಳು ನೇರ ಮುಖ್ಯಸ್ಥರ ಕೋಣೆಗೆ ನಡೆದಳು. ಅಲ್ಲಿ ಭದ್ರತಾ ಅಧಿಕಾರಿಯೂ ಇದ್ದರು, ಸೈನ್ಯದಲ್ಲಿದ್ದು ಬಂದವರು, ಕುರ್ಚಿಯಲ್ಲಿ ಕೂತರೂ ನಿಂತಂತೆಯೇ ಕಾಣುವ ಮನುಷ್ಯ. ಆ ಡಬ್ಬವನ್ನು ಮತ್ತೆ ಅಳೆಯಬೇಕು, ಪ್ರೋಗ್ರಾಮಿನ ಮಾತು ಬಿಟ್ಟು ಹಳೆಯ ರೀತಿಯಲ್ಲಿ, ಗೆರೆ ಪೂರ್ತಿ ಮಲಗುವ ತನಕ, ಎಂದಳು. ಹೊಸ ಹೊದಿಕೆ ದಪ್ಪ. ದಪ್ಪ ಹೊದಿಕೆಯಿಂದ ಕಾವು ನಿಧಾನಕ್ಕೆ ಹೊರಬರುತ್ತದೆ. ಹಳೆಯ ತೆಳು ಹೊದಿಕೆಗೆ ಹೊಂದಿಸಿದ ಪ್ರೋಗ್ರಾಂ ಅವಸರಪಟ್ಟು ಕಡಿಮೆ ಹೇಳಿರಬಹುದು.

"ಇರಬಹುದು," ಎಂದರು ಮುಖ್ಯಸ್ಥರು. "ನಿನ್ನೆ ಇದು ಹೊಳೀಲಿಲ್ವಾ ನಿಮಗೆ?"

"ಹೊಳೀಬೇಕಿತ್ತು."

"ರಾತ್ರಿ ಮನೇಲಿ ಮಾತಾಡ್ಕೊಂಡ್ರಾ ಇಬ್ಬರೂ?" ಭದ್ರತಾ ಅಧಿಕಾರಿ ಕೇಳಿದರು.

"ನಿನ್ನೆಯಿಂದ ನಾವು ಒಂದು ಮಾತೂ ಆಡಿಲ್ಲ."

ಮುಖ್ಯಸ್ಥರು ನಕ್ಕರು. "ನೂರು ಜುಟ್ಟು ಕೂಡಿದ್ರೂ ಎರಡು ಜಡೆ ಕೂಡಲ್ಲ ಅಂತಾರೆ. ಇಲ್ಲಿ ನೋಡಿದ್ರೆ ಎರಡು ಜಡೆ ಚೆನ್ನಾಗೇ ಕೂಡಿವೆ!"

ಅವಳಿಗೆ ಕಿವಿ ಬಿಸಿಯಾಯಿತು. ಆ ಗಾದೆ ಅವಳಿಗೆ ಮೊದಲಿನಿಂದಲೂ ಆಗದು; ಮದುವೆಯಾಗಿ ಬಂದಾಗಿನಿಂದ ಯಾರು ಯಾರೋ ಅದನ್ನು ಅವಳ ಮುಖಕ್ಕೆ ಎಸೆದಿದ್ದರು. ಆದರೆ ಇವತ್ತು ಅದು ಉಲ್ಟಾ ತಿರುಗಿ ಬಡಿದಾಗ ಹೆಚ್ಚು ನೋವಾಯಿತು, ಯಾಕೆಂದರೆ ಜಡೆಗಳು ಕೂಡಿರಲಿಲ್ಲ, ಕೂಡಿದ್ದರೆ ಇಷ್ಟೆಲ್ಲ ಆಗುತ್ತಲೇ ಇರಲಿಲ್ಲ, ಮತ್ತು ಅದನ್ನು ಇಲ್ಲಿ ಹೇಳುವ ಹಾಗಿರಲಿಲ್ಲ. ಉಗ್ರಾಣದವಳು ತನ್ನ ವಾರಗಿತ್ತಿಯೆಂದು, ತನ್ನಿಂದ ಈ ಡಬ್ಬಗಳನ್ನು ಅಳೆಸಬೇಡಿರೆಂದು ಅವಳೇ ಹಿಂದೊಮ್ಮೆ ಕೇಳಿಕೊಂಡಿದ್ದಳು. ಆ ತೊಟ್ಟಿಯ ಮುಂದೆ ಕೂರುವ ತಾಳ್ಮೆ ಇನ್ಯಾರಿಗಿದೆ ಎಂದು ನಕ್ಕು ಕಳಿಸಿದವರು ಇದೇ ಮುಖ್ಯಸ್ಥರು.

"ನಾಳೆ ಬೆಳಿಗ್ಗೆ ಹೊರಗಿನ ಪರಿಶೀಲಕರು ಬರ್ತಾರೆ," ಅವರು ನಗು ನಿಲ್ಲಿಸಿ ಹೇಳಿದರು. "ಇವತ್ತು ಸಂಜೆ ವರದಿ ಹೋಗ್ಬೇಕು. ವರದಿ ಹೋಯ್ತು ಅಂದ್ರೆ ಪೊಲೀಸರೂ ಬಂದ ಹಾಗೇ. ನಿಮಗೆ ಬೇಕಿದ್ರೆ ಪ್ರೋಗ್ರಾಮಿನಲ್ಲೇ ಇನ್ನೊಂದು ಸಲ ಅಳೀರಿ, ಮಧ್ಯಾಹ್ನಕ್ಕೆ ಮುಗಿಯುತ್ತೆ."

"ಅವಸರದಲ್ಲಿ ಎರಡು ಸಲ ಅಳೆದ್ರೆ ಎರಡು ಸಲ ಅದೇ ತಪ್ಪು ಬರುತ್ತೆ ಸರ್. ಸಂಜೆ ತನಕ ಕೊಡಿ. ಗೆರೆ ಮಲಗಿದ ಮೇಲೂ ಕಡಿಮೆ ಬಂದ್ರೆ ಅದನ್ನೇ ಬರೀತೀನಿ, ಒಂದಕ್ಷರ ಬದಲಾಯಿಸಲ್ಲ."

ಮುಖ್ಯಸ್ಥರು ಒಲ್ಲದ ಮನಸ್ಸಿನಿಂದ ತಲೆಯಾಡಿಸಿದರು. ಭದ್ರತಾ ಅಧಿಕಾರಿ ಅವಳನ್ನು ಅಡಿಯಿಂದ ಮುಡಿಯವರೆಗೆ ನೋಡಿದರು. "ಬಾಗಿಲಲ್ಲಿ ನಮ್ಮವರು ಇರ್ತಾರೆ."

"ಬಾಗಿಲಲ್ಲಿ ಯಾಕೆ, ಒಳಗೇ ಇರಲಿ," ಎಂದಳು. ತನ್ನ ದನಿ ಇಷ್ಟು ಗಟ್ಟಿಯಾಗಿ ಬಂದದ್ದು ಅವಳಿಗೇ ಆಶ್ಚರ್ಯ.

ಅಳತೆಯ ಕೋಣೆಗೆ ಕಿಟಕಿಯಿಲ್ಲ. ನೀರು ಸುತ್ತಿಸುವ ಪಂಪಿನ ಸದ್ದು ಬಿಟ್ಟರೆ ಇನ್ನೇನೂ ಇಲ್ಲ. ಡಬ್ಬ ಸರಪಳಿಯಲ್ಲಿ ತೂಗುತ್ತಾ ಬಂತು. ಹೊದಿಕೆಯ ಅಂಚುಗಳನ್ನು ಚಿಕ್ಕವಳು ಎಷ್ಟು ನೀಟಾಗಿ ಮಡಿಸಿದ್ದಳೆಂದರೆ ಎಲ್ಲೂ ಒಂದು ಸುಕ್ಕಿಲ್ಲ, ಹಾಸಿಗೆಯ ಮೂಲೆ ಮಡಿಸಿದ ಹಾಗೆ. ಮನೆಯಲ್ಲೂ ಅವಳ ಕೈಯಲ್ಲಿ ಎಲ್ಲ ಹೀಗೇ. ದೊಡ್ಡವಳು ಆ ಮಡಿಕೆಯನ್ನು ನೋಡಿ ಮತ್ತೆ ಸಣ್ಣಗೆ ಉರಿದುಕೊಂಡಳು. ಉರಿ ಬಂದದ್ದಕ್ಕೆ ನಾಚಿಕೆಯಾಯಿತು. ಇಲ್ಲಿಗೆ ಬಂದಿರುವುದು ಇವಳನ್ನು ಉಳಿಸುವುದಕ್ಕೆ, ಇಲ್ಲೂ ಹೊಟ್ಟೆಕಿಚ್ಚೇ? ಉಳಿಸುವುದಕ್ಕೇ ಬಂದಿದ್ದೇನೆಯೇ, ಅಥವಾ ನಿನ್ನೆಯ ಕೈ ತೊಳೆದುಕೊಳ್ಳುವುದಕ್ಕೋ? ಮುಚ್ಚಳ ಕೂತಿತು. ಗೆರೆ ಹೊರಟಿತು, ನಿನ್ನೆಯ ದಾರಿಯಲ್ಲೇ, ನಿನ್ನೆಯ ವೇಗದಲ್ಲೇ.

ಕಾಯುವುದು ಅವಳಿಗೆ ಅಪ್ಪನಿಂದ ಬಂದದ್ದು. ಅಪ್ಪ ಗಡಿಯಾರ ರಿಪೇರಿಯವನು. ಯಾರಾದರೂ ಗಡಿಯಾರ ತಂದರೆ ಬಿಚ್ಚುತ್ತಿರಲಿಲ್ಲ, ಕಿವಿಗೆ ಹಿಡಿದು ಕಣ್ಣು ಮುಚ್ಚಿ ಕೂರುತ್ತಿದ್ದ. ಗಿರಾಕಿ ಚಡಪಡಿಸುತ್ತಿದ್ದ. "ಬಿಚ್ಚಿದ್ರೆ ಯಾರಿಗಾದ್ರೂ ಗೊತ್ತಾಗುತ್ತೆ ಸ್ವಾಮಿ, ಸ್ವಲ್ಪ ಸುಮ್ನಿರಿ" ಎನ್ನುತ್ತಿದ್ದ. ಮನೆಯಲ್ಲಿ ಅಮ್ಮನ ಮುಖ ನೋಡಿ ಏನೂ ಗೊತ್ತಾಗದೆ ಇದ್ದ ಮನುಷ್ಯ. ದೊಡ್ಡವಳ ಗಂಡನೂ ಹಾಗೇ, ನಿನ್ನೆ ರಾತ್ರಿ ಗೋಡೆಗೆ ತಿರುಗಿ ಮಲಗಿ, ದೀಪ ಆರಿಸಿದ ಎಷ್ಟೋ ಹೊತ್ತಿನ ಮೇಲೆ, "ಮೆಷಿನ್ ಕೆಟ್ಟಿತ್ತು ಅಂತ ಹೇಳ್ಬಿಡೇ. ತಮ್ಮನ ಮುಖ ನೋಡಕ್ಕಾಗ್ತಿಲ್ಲ" ಎಂದಿದ್ದ. ಮೆಷಿನ್ ಕೆಟ್ಟಿರಲಿಲ್ಲ. ಆ ಬಡಪಾಯಿ ಉಕ್ಕಿನ ತೊಟ್ಟಿ ಇಪ್ಪತ್ತು ವರ್ಷದಲ್ಲಿ ಒಂದು ಸುಳ್ಳು ಹೇಳಿದ್ದಿಲ್ಲ. ಅದರ ಮೇಲೆ ಗೂಬೆ ಕೂರಿಸಿ ಎಲ್ಲರೂ ನೆಮ್ಮದಿಯಾಗಿ ಊಟ ಮಾಡಬಹುದಿತ್ತು. ಆಮೇಲೆ ಯಾವ ಅಂಕಿಯನ್ನು ಯಾರು ನಂಬಬೇಕು? ಕೆಟ್ಟ ಮೆಷಿನ್ನಿನಿಂದ ಉಳಿದುಕೊಂಡ ಹೆಂಗಸು ಎಂದೇ ಚಿಕ್ಕವಳು ಸಾಯುವ ತನಕ ಆ ಗೇಟಿನಲ್ಲಿ ನಡೆಯಬೇಕಿತ್ತು. ಜನ ಅವಳ ಬೆನ್ನನ್ನು ನೋಡಿ ಪಿಸುಗುಡುವುದನ್ನು ದೊಡ್ಡವಳು ಈಗಲೇ ಕೇಳಬಲ್ಲವಳಾಗಿದ್ದಳು.

ಗೆರೆ ಬಾಗಲು ಶುರುವಾದಾಗ ಅವಳಿಗೆ ಕೂರಲಾಗಲಿಲ್ಲ. ಮನಸ್ಸಿನಲ್ಲೇ ಅದನ್ನು ಮೇಲಕ್ಕೆ ನೂಕುತ್ತಿದ್ದಳು. ನೂಕುತ್ತಿರುವುದು ಗೊತ್ತಾಗಿ ಹೆದರಿಕೊಂಡಳು. ನಿನ್ನೆ ಕೆಳಗಿರಲಿ ಎಂದು ಬಯಸಿದ ಕಣ್ಣು ಕೆಳಗೇ ಕಂಡಿತು; ಇವತ್ತು ಮೇಲಿರಲಿ ಎಂದು ಬಯಸುವ ಕಣ್ಣು ಮೇಲೆಯೇ ಕಾಣುವುದಿಲ್ಲ ಎಂದು ಏನು ಗ್ಯಾರಂಟಿ? ಕಾಮಾಲೆ ಕಣ್ಣಿಗೆ ಕಾಣುವುದೆಲ್ಲ ಹಳದಿ. ಅವಳು ಎದ್ದು ಹೋಗಿ ಪರದೆಯನ್ನು ಗೋಡೆಯ ಕಡೆಗೆ ತಿರುಗಿಸಿಟ್ಟಳು. ಒಳಗೆ ನಿಂತಿದ್ದ ಕಾವಲುಗಾರ ಬೆಚ್ಚಿ, "ಏನ್ ಮಾಡ್ತಿದ್ದೀರಿ ಮೇಡಂ?" ಎಂದ.

"ನೋಡ್ಬಾರ್ದು ಅಂತ. ನಾನೂ ನೋಡ್ಬಾರ್ದು, ನೀವೂ ನೋಡ್ಬೇಡಿ."

ಪಕ್ಕದ ಕೋಣೆಯಲ್ಲಿ ಡಬ್ಬಗಳಿಂದ ಬರುವ ಗಾಮಾ ಕಿರಣಗಳನ್ನು ನೋಡಿ ಲೋಹದ ಜಾತಿ ಹೇಳುವ ಸಹೋದ್ಯೋಗಿಯೊಬ್ಬರಿದ್ದರು. ದಪ್ಪ ಗಾಜಿನವರಾದ್ದರಿಂದ ಎಲ್ಲರಿಗೂ ಅವರು 'ಕನ್ನಡಕ'. ಚಹಾದ ಲೋಟ ಹಿಡಿದು ಬಂದ ಕನ್ನಡಕ, ಗೋಡೆ ನೋಡುತ್ತಿದ್ದ ಪರದೆಯನ್ನೂ ಅವಳನ್ನೂ ನೋಡಿ ತಲೆ ಕೆರೆದುಕೊಂಡರು.

"ಒಳಗಿರೋ ಸರಕು ಅದೇ ಜಾತಿ, ನಾನು ಬೆಳಿಗ್ಗೆನೇ ನೋಡಿದೆ," ಎಂದರು. "ಆದ್ರೆ ಎಷ್ಟಿದೆ ಅನ್ನೋದು ನನ್ನ ಕೈಲಿ ಆಗಲ್ಲ. ಅದು ನಿಮ್ಮ ಕೋಳಿ... ನಿಮ್ಮ ತೊಟ್ಟಿನೇ ಹೇಳ್ಬೇಕು." ನಾಲಗೆ ಕಚ್ಚಿಕೊಂಡರು.

"ಕೋಳಿನೇ ಹೇಳುತ್ತೆ ಬಿಡಿ," ಎಂದಳು. ಆ ಹೆಸರನ್ನು ಅವಳು ಬಾಯಲ್ಲಿ ಆಡಿದ್ದು ಅದೇ ಮೊದಲು. ಅಂಥ ಕೆಟ್ಟದಾಗೇನೂ ಕೇಳಿಸಲಿಲ್ಲ.

ಮಧ್ಯಾಹ್ನ ಮುಖ್ಯಸ್ಥರು ಬಂದರು. ಪ್ರೋಗ್ರಾಂ ಇಷ್ಟು ಹೊತ್ತಿಗೆ ಮುಗಿದಿರಬೇಕಲ್ಲ ಎಂದರು. ಮುಗಿದಿದೆ, ನಿನ್ನೆಯ ಹಾಗೇ ಹಸಿರು ತೋರಿಸಿರುತ್ತದೆ, ಗೆರೆ ಮುಗಿದಿಲ್ಲ ಎಂದಳು. ಅವರು ಪರದೆ ತಿರುಗಿಸಲು ಕೈ ಚಾಚಿದರು. ಅವಳು ಎದ್ದು ಅಡ್ಡ ನಿಂತಳು. ಎಲ್ಲಿಂದ ಬಂತು ಆ ಧೈರ್ಯ? ಮನೆಯಲ್ಲಿ ಊಟಕ್ಕೆ ಕೂತಾಗ ತನಗೆ ಬೇಕಾದದ್ದನ್ನು ಇನ್ನೊಂದು ಸಲ ಕೇಳಿ ಹಾಕಿಸಿಕೊಳ್ಳದವಳು ಅವಳು. "ಇದು ಅತಿಯಾಯ್ತು," ಎಂದರು ಅವರು, ಕಾವಲುಗಾರನಿಗೆ ಕೇಳಿಸುವ ಹಾಗೆ. "ನಿಮ್ಮ ಓರಗೆಯವರೆಲ್ಲ ಯಾವ ಯಾವ ಹುದ್ದೆಗೋ ಹೋದರು, ನೀವು ಮಾತ್ರ ಯಾಕೆ ಇಲ್ಲೇ ಇದ್ದೀರಿ ಅಂತ ಯಾವತ್ತಾದ್ರೂ ಯೋಚನೆ ಮಾಡಿದ್ದೀರಾ?" ಮಾಡಿದ್ದಳು. ಬಹಳ ಸಲ ಮಾಡಿದ್ದಳು. "ಸಂಜೆ ತನಕ ಅಂತ ಒಪ್ಪಿದ್ದೀರಿ ಸರ್," ಎಂದಷ್ಟೇ ಹೇಳಿ ಅಡ್ಡ ನಿಂತೇ ಇದ್ದಳು. ಅವರು ಹೊರಟುಹೋದ ಮೇಲೆ ಕುರ್ಚಿಯನ್ನು ಪರದೆಗೆ ಅಡ್ಡ ಎಳೆದುಕೊಂಡು ಕೂತಳು.

ಆಮೇಲೆ ಬರೀ ಪಂಪಿನ ಸದ್ದು. ಚಿಕ್ಕವಳು ಮದುವೆಯಾಗಿ ಬಂದ ಹೊಸದರಲ್ಲಿ ಒಮ್ಮೆ ದೊಡ್ಡವಳು ಜ್ವರ ಬಂದು ವಾರ ಮಲಗಿದ್ದಳು. ಚಿಕ್ಕವಳು ತಲೆದಿಂಬಿನ ಪಕ್ಕ ಕೂತು ಇಡೀ ಕಾರ್ಖಾನೆಯ ಸುದ್ದಿ ಹೇಳಿ ನಗಿಸುತ್ತಿದ್ದಳು; ಹಣೆ ಮುಟ್ಟಿ, "ಅಕ್ಕಾ, ನಿಮ್ಮನ್ನೇ ತೊಟ್ಟಿಗೆ ಇಳಿಸ್ಬೇಕು ಈಗ" ಎನ್ನುತ್ತಿದ್ದಳು. ಆ ಕೈಯ ತಂಪು ಹಿತವಾಗಿತ್ತು. ಅಷ್ಟರಲ್ಲೇ ಅತ್ತೆ ಬಾಗಿಲಲ್ಲಿ ನಿಂತು "ಚಿಕ್ಕವಳಾಗಿ ಎಷ್ಟು ಮಾಡ್ತಾಳೆ ನೋಡು" ಎಂದದ್ದು ಕೇಳಿ ಹಿತವೆಲ್ಲ ಕಹಿಯಾಗಿತ್ತು. ಅವಳ ಮೇಲೆ ಕೋಪಿಸಿಕೊಳ್ಳಲು ಅವಳು ಮಾಡಿದ ಒಂದು ತಪ್ಪನ್ನು ಹುಡುಕಿದರೆ ಸಿಗುತ್ತಿರಲಿಲ್ಲ, ಅದೇ ಅವಳ ದೊಡ್ಡ ತಪ್ಪು. ನಿನ್ನೆ ಕೊನೆಗೂ ಒಂದು ತಪ್ಪು ಸಿಕ್ಕಿತ್ತು, ಅಂಕಿಯ ಸಮೇತ. ಅದಕ್ಕೇ ಬಾಲ ಏರುತ್ತಿದ್ದರೂ ಗುಂಡಿ ಒತ್ತಿದ್ದು. ಒಂದು ವೇಳೆ ಈಗಲೂ ಕಡಿಮೆ ಬಂದರೆ? ಚಿಕ್ಕವಳು ನಿಜವಾಗಿಯೂ ತೆಗೆದಿದ್ದರೆ? ಆಗ ಬರೆಯಬೇಕು. ಬರೆದು, ಮನೆಗೆ ಹೋಗಿ, ಅತ್ತೆಯ ಎದುರು ಊಟಕ್ಕೆ ಕೂರಬೇಕು. ಅದಕ್ಕೂ ಅವಳು ಸಿದ್ಧಳಿದ್ದಳು. ಸಿದ್ಧಳಿಲ್ಲದಿದ್ದರೆ ಕಾಯುವುದಕ್ಕೆ ಅರ್ಥವೇ ಇರಲಿಲ್ಲ. ಗೆರೆ ಎಲ್ಲಿ ಮಲಗುತ್ತದೋ ಮಲಗಲಿ, ತಾನು ಮಾತ್ರ ಅದಕ್ಕಿಂತ ಮೊದಲು ಏಳುವುದಿಲ್ಲ.

ಸಂಜೆ ಮುಖ್ಯಸ್ಥರ ಜೊತೆ ಭದ್ರತಾ ಅಧಿಕಾರಿ ಬಂದರು. ಹಿಂದೆ ಕನ್ನಡಕವೂ ನುಸುಳಿಕೊಂಡರು. ದೊಡ್ಡವಳು ಪರದೆಯನ್ನು ಮುಟ್ಟಲಿಲ್ಲ.

"ನೀವೇ ತಿರುಗಿಸಿ," ಎಂದಳು ಭದ್ರತಾ ಅಧಿಕಾರಿಗೆ. "ಮೊದಲು ಗೆರೆಯ ಬಾಲ ನೋಡಿ. ಎದ್ದಿದ್ರೆ ಅಂಕಿ ಓದ್ಬೇಡಿ, ಇನ್ನೂ ಕಾಯೋಣ. ಮಲಗಿದ್ರೆ ಓದಿ."

ಅವರು ಪರದೆ ತಿರುಗಿಸಿದರು, ಜೇಬಿನಿಂದ ಚೀಟಿಯೊಂದನ್ನು ತೆಗೆದು ಅದರ ಅಂಚನ್ನು ಗೆರೆಗೆ ಹಿಡಿದು ನೋಡಿದರು. ಅಷ್ಟು ಜಾಗ್ರತೆ ಅವರಿಂದ ಅವಳು ನಿರೀಕ್ಷಿಸಿರಲಿಲ್ಲ. "ಮಲಗಿದೆ," ಎಂದರು. ಆಮೇಲೆ ಅಂಕಿ ಓದಿದರು. ಒಂದೊಂದಾಗಿ, ಶಾಲೆಯ ಹುಡುಗನ ಹಾಗೆ. ಕನ್ನಡಕ ಅರ್ಧದಲ್ಲೇ "ಪೂರ್ತಿ ಇದೆ!" ಎಂದು ಕೂಗಿಬಿಟ್ಟರು. ಲೋಹ ಪೂರ್ತಿ ಇತ್ತು. ಡಬ್ಬ ಹೇಳಿದ್ದಕ್ಕೂ ತೊಟ್ಟಿ ಹೇಳಿದ್ದಕ್ಕೂ ವ್ಯತ್ಯಾಸವೇ ಇಲ್ಲವೆನ್ನುವಷ್ಟು ಪೂರ್ತಿ.

ಮುಖ್ಯಸ್ಥರು ಗಡಿಯಾರ ನೋಡಿಕೊಂಡರು. ಸರಿ, ನಿನ್ನೆಯದನ್ನು ಅಳಿಸಿ ಇದನ್ನು ಕಳಿಸಿ, ಹಾವೂ ಸಾಯಲಿಲ್ಲ ಕೋಲೂ ಮುರಿಯಲಿಲ್ಲ ಎಂದರು. ಎರಡೂ ಹೋಗಬೇಕು ಎಂದಳು ದೊಡ್ಡವಳು. ನಿನ್ನೆಯದು ಯಾಕೆ ತಪ್ಪಾಯಿತೆಂಬುದೂ ಹೋಗಬೇಕು, ಹೊಸ ಹೊದಿಕೆ ಹಾಕಿದ ಡಬ್ಬಗಳು ಎಷ್ಟಿವೆಯೋ ಅಷ್ಟನ್ನೂ ಹೀಗೇ ಮತ್ತೆ ಅಳೆಯಬೇಕು. ವಾರಗಟ್ಟಲೆ ಆಗುತ್ತದಲ್ಲ ಎಂದರು. ಆಗಲಿ, ನಾನು ಕೂರುತ್ತೇನೆ ಎಂದಳು. ಭದ್ರತಾ ಅಧಿಕಾರಿ ತಮ್ಮ ಮೇಜಿನ ಖಾನೆಯಿಂದ ಚಿಕ್ಕವಳ ಗುರುತಿನ ಚೀಟಿ ತರಿಸಿ, ಯಾಕೋ ಏನೋ, ದೊಡ್ಡವಳ ಕೈಗೇ ಕೊಟ್ಟರು.

ಚಿಕ್ಕವಳು ಭದ್ರತಾ ಕಚೇರಿಯ ಪಕ್ಕದ ಕೋಣೆಯಲ್ಲಿ ಬೆಂಚಿನ ಮೇಲೆ ಕೂತಿದ್ದಳು. ಅವಳ ಬುತ್ತಿಯನ್ನು ಯಾರೋ ಬಿಚ್ಚಿ, ಚಮಚದಿಂದ ಕಲಕಿ ನೋಡಿ, ಹಾಗೇ ಬಿಟ್ಟಿದ್ದರು. ಅವಳು ಅದನ್ನು ಮುಟ್ಟಿರಲಿಲ್ಲ. ಅಳುವುದಂತೂ ಯಾವಾಗಲೋ ಮುಗಿದಿತ್ತು, ಮುಖ ಒಣಗಿ ಕೂತಿತ್ತು. ದೊಡ್ಡವಳು ಚೀಟಿಯನ್ನು ಅವಳ ತೊಡೆಯ ಮೇಲಿಟ್ಟು ಪಕ್ಕದಲ್ಲಿ ಕೂತಳು.

"ಪೂರ್ತಿ ಇದೆ," ಎಂದಳು.

"ನಂಗೊತ್ತಿತ್ತು. ನಾನು ತೆಗ್ದಿರ್ಲಿಲ್ವಲ್ಲ." ಚಿಕ್ಕವಳು ಚೀಟಿಯನ್ನು ಕೈಗೆತ್ತಿಕೊಳ್ಳಲಿಲ್ಲ. "ನೀವು ಇವತ್ತು ಗೆರೆ ಮಲಗೋ ತನಕ ಕೂತಿದ್ರಿ ಅಂತ ಕಾವಲಿನವನು ಬಂದು ಹೇಳ್ದ. ಅದರಲ್ಲೇನೂ ಆಶ್ಚರ್ಯ ಆಗ್ಲಿಲ್ಲ. ನಿನ್ನೆ ಯಾಕೆ ಕೂರಲಿಲ್ಲ ಅಂತ ಮಾತ್ರ ಬೆಳಿಗ್ಗೆಯಿಂದ ಯೋಚನೆ ಮಾಡಿದ್ರೂ ಗೊತ್ತಾಗ್ತಿಲ್ಲ."

ಉತ್ತರ ಸಿದ್ಧವಿತ್ತು. ಪ್ರೋಗ್ರಾಂ, ದಪ್ಪ ಹೊದಿಕೆ, ಮುಖ್ಯಸ್ಥರ ಅವಸರ. ಎಲ್ಲವೂ ನಿಜ, ಈಗಷ್ಟೇ ವರದಿಯಲ್ಲಿ ಬರೆದು ಬಂದದ್ದು. ಹೇಳಿದ್ದರೆ ಚಿಕ್ಕವಳು ನಂಬುತ್ತಿದ್ದಳು, ಇಬ್ಬರೂ ಎದ್ದು ಬಸ್ಸಿಗೆ ಹೋಗಬಹುದಿತ್ತು. ದೊಡ್ಡವಳು ಎದುರಿನ ಗೋಡೆ ನೋಡಿದಳು. ಹಿಂದೆ ಸರಿಯುವ ಮನಸ್ಸಿರಲಿಲ್ಲ.

"ಕಡಿಮೆ ಬಂದಾಗ ನಂಗೆ ಖುಷಿ ಆಯ್ತು ಕಣೇ," ಎಂದಳು. "ಬಾಲ ಇನ್ನೂ ಏರ್ತಿದ್ದದ್ದು ಕಾಣ್ತು. ಕಂಡೂ ನಿಲ್ಲಿಸ್ಬಿಟ್ಟೆ."

ಚಿಕ್ಕವಳು ಎದ್ದು ಹೋಗುತ್ತಾಳೆ ಎಂದುಕೊಂಡಳು. ಹೋಗಲಿಲ್ಲ. ಬುತ್ತಿಯ ಮುಚ್ಚಳವನ್ನು ಹುಡುಕಿ, ಒರೆಸಿ, ಮುಚ್ಚಿದಳು. ಒಂದು ಮಗ್ಗುಲು ಕೂರಲಿಲ್ಲ, ಅಂಗೈಯಿಂದ ಒತ್ತಿ ಕೂರಿಸಿದಳು. ದೊಡ್ಡವಳಿಗೆ ಅಳು ಬಂತು. ಇಡೀ ದಿನ ಬಾರದಿದ್ದದ್ದು ಈಗ ಬಂತು, ತಡೆಯಲು ಹೋಗಲಿಲ್ಲ.

"ನಿಮ್ಮ ಜಾಗದಲ್ಲಿ ನಾನಿದ್ದಿದ್ರೆ ನಂಗೂ ಖುಷಿ ಆಗ್ತಿತ್ತು ಅಕ್ಕಾ," ಎಂದಳು ಚಿಕ್ಕವಳು, ಅವಳ ಕಡೆ ನೋಡದೆ. "ಮಾರನೆ ದಿನ ಬಂದು ಮತ್ತೆ ಅಳೀತಿದ್ನಾ ಅಂದ್ರೆ, ಅದನ್ನ ಮಾತ್ರ ಆಣೆ ಇಟ್ಟು ಹೇಳಲಾರೆ."